ಹೆಪ್ಪುಗಟ್ಟಿದ ಸರೋವರದಲ್ಲಿ ಒಂದು ರೇಚಕ

ಫಿನ್ಲೆಂಡಿನ ಟಾಂಪೆರೆ ನಗರದ ಉತ್ತರಕ್ಕೆ ವಿಸ್ತರಿಸಿರುವ ನೆಸಿಯಾರ್ವಿ ಸರೋವರವು, ಹಗಲೆಂಬುದು ಕೆಲವೇ ತಾಸುಗಳಲ್ಲಿ ಮುಗಿದುಹೋಗುವ ಶಿಶಿರದಲ್ಲಿ, ದಡದಿಂದ ದಡದವರೆಗೆ ಹೆಪ್ಪುಗಟ್ಟಿ ಬಿಳಿಯ ಬಯಲಾಗಿ ಬಿದ್ದಿರುವಾಗ, ಅದರ ತೀರದ ರೌಹಾನಿಯೆಮಿ ಸ್ನಾನಘಟ್ಟದ ಬಳಿ ಮಾತ್ರ ಕಪ್ಪು ನೀರಿನ ಒಂದು ಮಡು ತೆರೆದಿರುತ್ತದೆ. ಮಂಜುಗಡ್ಡೆಯನ್ನು ಕೊರೆದು, ಮತ್ತೆ ಮುಚ್ಚಿಕೊಳ್ಳದಂತೆ ಕಾಪಾಡಿದ ಇಂಥ ಮಡುವನ್ನು ಆ ನಾಡಿನವರು 'ಅವಂತೋ' ಎನ್ನುತ್ತಾರೆ. ಪಕ್ಕದ ಸೌನಾದಲ್ಲಿ, ಕಾದ ಕಲ್ಲುಗಳ ಮೇಲೆ ನೀರೆರಚಿದಾಗ ಏಳುವ ಹಬೆಗೆ ಮೈಯೊಡ್ಡಿದ ವೃದ್ಧರೂ ಗೃಹಿಣಿಯರೂ ಕಚೇರಿ ಮುಗಿಸಿ ಬಂದ ತರುಣರೂ, ತಲೆಗೆ ಉಣ್ಣೆಯ ಟೋಪಿಯಿಟ್ಟು, ಈಜುಡುಪಿನಲ್ಲಿಯೇ ಹಿಮದ ಮೇಲೆ ನಡೆದುಬಂದು, ಏಣಿಯ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದು, ಕೊರಳವರೆಗೆ ಮುಳುಗಿ, ನಾಲ್ಕಾರು ಬಾರಿ ಕೈಬೀಸಿ ಈಜಿ ಮೇಲೇರುವರು. ದೂರದಿಂದ ನೋಡಿದವರಿಗೆ ಇದು ಸಾಹಸವೆಂದು ತೋರೀತು. ಸಮೀಪಕ್ಕೆ ಹೋದಂತೆ ಇದೊಂದು ಉಸಿರಿನ ವಿದ್ಯೆಯೆಂಬುದು ತಿಳಿಯುತ್ತದೆ.

ಹೊರಗಿನ ಗಾಳಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿದಾಗಲೂ ಗಡ್ಡೆಯಡಿಯಲ್ಲಿ ನೀರು ನೀರಾಗಿಯೇ ಉಳಿಯುವುದಕ್ಕೆ ಜಲದ ಒಂದು ವಿಲಕ್ಷಣ ಗುಣವೇ ಕಾರಣ. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ತನ್ನ ಪರಮಸಾಂದ್ರತೆಯನ್ನು ಮುಟ್ಟುವ ನೀರು, ಅದಕ್ಕಿಂತಲೂ ತಣಿದಂತೆ ಹಗುರಾಗಿ ಮೇಲಕ್ಕೇಳುತ್ತದೆ; ಆದ್ದರಿಂದ ಸರೋವರವು ಹೆಪ್ಪುಗಟ್ಟುವುದು ಮೇಲಿನಿಂದ, ಮತ್ತು ಆ ಗಡ್ಡೆಯೇ ಕಂಬಳಿಯಾಗಿ ಅಡಿಯ ಮೀನುಗಳನ್ನು ವಸಂತದವರೆಗೆ ಕಾಪಾಡುತ್ತದೆ.

ಮನುಷ್ಯದೇಹಕ್ಕಾದರೋ ಆ ನೀರಿನಲ್ಲಿ ಇಂಥ ಆಶ್ರಯವಿಲ್ಲ. ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಅದು ಮೈಯ ಶಾಖವನ್ನು ಸೆಳೆದುಕೊಳ್ಳುತ್ತದೆ. ಶೀತವು ಚರ್ಮಕ್ಕೆ ತಾಗಿದ ಕ್ಷಣವೇ ನಾಡಿ ಧಾವಿಸಿ, ರಕ್ತದೊತ್ತಡವೇರಿ, ಎದೆ ತಾನಾಗಿ ಬಿರಿದು ಉಸಿರನ್ನು ಒಳಗೆಳೆದುಕೊಳ್ಳುತ್ತದೆ. ನಮ್ಮ ಯೋಗಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಶೀತವು ಬಲಾತ್ಕಾರದಿಂದ ಪೂರಕವನ್ನು ಮಾಡಿಸುತ್ತದೆ, ಮತ್ತು ಆ ಗಳಿಗೆಯಲ್ಲಿ ಬಾಯಿ ನೀರಿನೊಳಗಿದ್ದರೆ ಪುಪ್ಪುಸವನ್ನು ತುಂಬುವುದು ನೀರೇ. ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಇದನ್ನು ಮೂರು ಅಂಕಿಗಳಲ್ಲಿ ಅಡಕಮಾಡಿದ್ದಾರೆ: ಉಸಿರನ್ನು ಹತೋಟಿಗೆ ತಂದುಕೊಳ್ಳಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪುವವರೆಗೆ 1 ಗಂಟೆ. ಮೊದಲ ನಿಮಿಷವನ್ನು ಕಳೆದುಕೊಂಡವನಿಗೆ ಉಳಿದೆರಡೂ ದಕ್ಕವು. ಬಲ್ಲವರು ಧುಮುಕದೆ ಏಣಿಯನ್ನು ಹಿಡಿದಿಳಿಯುವುದೂ, ನೀರು ಎದೆಗೆ ಬರುತ್ತಿದ್ದಂತೆ ದೀರ್ಘವಾಗಿ ಉಸಿರನ್ನು ಹೊರಬಿಡುವುದೂ ಇದಕ್ಕಾಗಿಯೇ: ಶೀತದ ಪೂರಕಕ್ಕೆ ಮನುಷ್ಯನ ರೇಚಕ. ಕೆಲವೇ ಸಲದ ಅಭ್ಯಾಸದಿಂದ ಮೊದಲ ತಲ್ಲಣವು ಬಹುವಾಗಿ ಕುಗ್ಗುವುದುಂಟು. ಆ ಪಾಠವನ್ನು ದೇಹವು ತಿಂಗಳುಗಟ್ಟಲೆ ಮರೆಯದು.

ತಣ್ಣೀರಿನಲ್ಲಿ ಆವೇಶಕ್ಕಿಂತ ಉಸಿರಿನ ಹತೋಟಿಯೇ ದೊಡ್ಡದೆಂಬ ಈ ಸತ್ಯವನ್ನು ಬ್ರಿಟನ್ನಿನ ಈಜುಗಾರ ಲೂಯಿಸ್ ಪ್ಯೂ ಹಿಮಾಲಯದಲ್ಲಿ ಕಲಿತರು. 2007ರಲ್ಲಿ ಉತ್ತರಧ್ರುವದ, ಸೊನ್ನೆಗಿಂತ 1.7 ಡಿಗ್ರಿ ಕೆಳಗಿನ ನೀರಿನಲ್ಲಿ 1 ಕಿಲೋಮೀಟರನ್ನು 18 ನಿಮಿಷ 50 ಸೆಕೆಂಡುಗಳಲ್ಲಿ ಈಜಿದ್ದ ಅವರು, 2010ರ ಮೇ ತಿಂಗಳಿನಲ್ಲಿ ಎವರೆಸ್ಟಿನ ಮಗ್ಗುಲಲ್ಲಿ, ಸುಮಾರು 5,300 ಮೀಟರ್ ಎತ್ತರದ ಪುಮೋರಿ ಸರೋವರಕ್ಕಿಳಿದು, ಅದೇ ಆವೇಶದಿಂದ ತಾಲೀಮು ಆರಂಭಿಸಿದಾಗ, ಆ ತೆಳುಗಾಳಿಯಲ್ಲಿ ಉಸಿರು ಕಟ್ಟಿ ಮುಳುಗುವ ಸ್ಥಿತಿಗೆ ಬಂದರು. ಎರಡು ದಿನಗಳ ತರುವಾಯ, ತಾವು ಕಲಿತ ವೇಗವನ್ನೆಲ್ಲ ದಡದಲ್ಲಿಯೇ ಬಿಟ್ಟು, ನಿಧಾನವಾಗಿ, ತಗ್ಗಿದ ಭಾವದಿಂದ ಈಜಿ, 22 ನಿಮಿಷ 51 ಸೆಕೆಂಡುಗಳಲ್ಲಿ ಅಷ್ಟೇ ದೂರವನ್ನು ಕ್ರಮಿಸಿದರು. ಹಿಮಾಲಯದ ಹಿಮನದಿಗಳು ಕರಗುತ್ತಿರುವುದನ್ನು ಲೋಕದ ಗಮನಕ್ಕೆ ತರುವುದೇ ಅವರ ಉದ್ದೇಶವಾಗಿತ್ತು; ಕರಗಿದ ಹಿಮದಿಂದಲೇ ಹುಟ್ಟಿದ ಆ ಸರೋವರವು ಅದಕ್ಕೆ ಸಾಕ್ಷಿಯಾಗಿತ್ತು.

ದಡಕ್ಕೆ ಬಂದಮಾತ್ರಕ್ಕೆ ಶೀತವು ಕೈಬಿಡುವುದಿಲ್ಲ. ದೀರ್ಘಕಾಲ ಈಜಿದವನ ಒಡಲಿನ ಒಳಭಾಗವು ಹೊರಬಂದ ಮೇಲೂ ಕೆಲಹೊತ್ತು ತಣಿಯುತ್ತಲೇ ಹೋಗುವುದರಿಂದ, ತಡಮಾಡದೆ ಮೈಯೊರಸಿ ಒಣಬಟ್ಟೆ ತೊಡತಕ್ಕದ್ದು. ಹೃದ್ರೋಗವುಳ್ಳವರು ಈ ನೀರಿನಿಂದ ದೂರವಿರತಕ್ಕದ್ದು. ಒಬ್ಬಂಟಿಯಾಗಿ ಯಾರೂ ಇಳಿಯಕೂಡದು. ಈ ನಿಯಮಗಳನ್ನು ಪಾಲಿಸುತ್ತ ಚಳಿಗಾಲದುದ್ದಕ್ಕೂ ನೆಸಿಯಾರ್ವಿಯ ಏಣಿಯಿಳಿಯುವ ಹಿರಿಯ ಜೀವಗಳನ್ನು ನೆನೆದಾಗ ನನಗೆ ಗೌರವವುಂಟಾಗುವುದು ಅವರು ಚಳಿಯನ್ನು ಸಹಿಸುವುದಕ್ಕಾಗಿ ಮಾತ್ರವಲ್ಲ. ಭಯವು ಎಳೆದುಕೊಂಡ ಉಸಿರನ್ನು ಅವಸರಪಡದೆ ಹಿಂದಿರುಗಿಸುವ ಆ ಸಮಾಧಾನಕ್ಕಾಗಿ. ಕಪ್ಪು ನೀರಿನ ಮೇಲೆ ಆ ನಿಶ್ವಾಸವು ಬೆಳ್ಳಗೆ ಒಂದು ಕ್ಷಣ ನಿಂತು ಕರಗುತ್ತದೆ. ಈಜು ಆರಂಭವಾಗುವುದು ಅದಾದ ಮೇಲೆ.