ಗಾಂಧಿ ಹೆಸರಿನ ಗದ್ದಲದ ತಂಡ

ಪ್ರೊಪಗಾಂಧಿ ಅನ್ನೋ ಹೆಸರು ಕೇಳಿದರೆ ನಮ್ಮ ಮಡಕಶಿರಾ ಕಡೆಯವರು ಅದು ಖಾದಿ ಭಂಡಾರವೋ ಭಜನಾ ಮಂಡಳಿಯೋ ಇರಬೇಕು ಅಂದುಕೊಂಡಾರು. ಎರಡೂ ಅಲ್ಲ. ಅದು ಕೆನಡಾ ದೇಶದ ಒಂದು ಪಂಕ್ ಸಂಗೀತದ ತಂಡ. 'ಪ್ರೊಪಗಾಂಡ' ಅಂದರೆ ಪ್ರಚಾರ. ಆ ಮಾತಿನ ಬಾಲಕ್ಕೆ ನಮ್ಮ ಗಾಂಧಿಯವರನ್ನು ಗಂಟು ಹಾಕಿ ಹುಡುಗರು ಹೆಸರು ಮಾಡಿಕೊಂಡಿದ್ದಾರೆ. ಹೆಸರಲ್ಲಿ ಗಾಂಧಿ ಇದ್ದರೂ ಹಾಡಲ್ಲಿ ಶಾಂತಿ ಕಡಿಮೆ.

ತಂಡ ಹುಟ್ಟಿದ್ದು 1986ರಲ್ಲಿ, ಮ್ಯಾನಿಟೋಬಾ ಪ್ರಾಂತ್ಯದ ಪೋರ್ಟೇಜ್ ಲಾ ಪ್ರೇರಿ ಎಂಬ ಸಣ್ಣ ಊರಿನಲ್ಲಿ. ಗೋಧಿ, ಆಲೂಗಡ್ಡೆ ಬೆಳೆಯುವ ಬಯಲುಸೀಮೆ ಅದು. ಚಳಿಗಾಲ ಬಂದರೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋಗುತ್ತದೆ. ಗಿಟಾರ್ ಹಿಡಿದು ಹಾಡುವ ಕ್ರಿಸ್ ಹಾನಾ, ಡ್ರಮ್ ಬಾರಿಸುವ ಜಾರ್ಡ್ ಸಮೊಲೆಸ್ಕಿ, ಇವರಿಬ್ಬರೇ ಮೂಲದವರು, ಇವತ್ತಿಗೂ ಇದ್ದಾರೆ. ಆಮೇಲೆ ಹತ್ತಿರದ ದೊಡ್ಡ ಪಟ್ಟಣ ವಿನಿಪೆಗ್ ಸೇರಿದರು. ಹೆಚ್ಚುಕಡಿಮೆ ನನ್ನ ಓರಗೆಯವರೇ. ಅದಕ್ಕೇ ಅವರ ಹಾಡು ಹೇಗೆ ಮಾಗುತ್ತಾ ಬಂತು ಅನ್ನೋದು ನನಗೆ ಮುಖ್ಯವಾಗಿ ಕಂಡಿದ್ದು.

ಪಂಕ್‌ನಲ್ಲೇ ಹಾರ್ಡ್‌ಕೋರ್ ಅಂತ ಒಂದು ಕವಲು. ಹಾಡು ಚಿಕ್ಕದು, ತಾಳ ಓಟದ್ದು, ಗಂಟಲು ಹರಿಯುವ ಕೂಗು. ಇದೇ ಓಟದೊಳಗೆ ನಾಲಿಗೆಗೆ ಹತ್ತುವ ಒಂದು ಧಾಟಿ ಇಟ್ಟರೆ ಅದು ಮೆಲೋಡಿಕ್ ಹಾರ್ಡ್‌ಕೋರ್. ಮೊದಲ ಸಲ ಅಕ್ಕನ ಮಗ ಮೊಬೈಲಿನಲ್ಲಿ ಹಾಕಿದಾಗ ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗಾಯಿತು. ನಾಲ್ಕು ಸಲ ಕೇಳಿದ ಮೇಲೆ ಒಳಗಿನ ರಾಗ ಸಿಕ್ಕಿತು. ಸಾಹಿತ್ಯವನ್ನು ಅವನು ಓದಿ ಅರ್ಥ ಹೇಳಿದ. ಎಸ್ಸೆಸ್ಸೆಲ್ಸಿ ಇಂಗ್ಲಿಷು ಅಲ್ಲಿಗೆ ಸಾಲದು.

ಮೊದಲ ಆಲ್ಬಮ್ 'ಹೌ ಟು ಕ್ಲೀನ್ ಎವ್ರಿಥಿಂಗ್' 1993ರಲ್ಲಿ ಬಂತು. ಕ್ಯಾಲಿಫೋರ್ನಿಯಾದ ಫ್ಯಾಟ್ ರೆಕ್ ಕಾರ್ಡ್ಸ್ ಕಂಪನಿಯದು. ಅದರಲ್ಲಿ ಕುಚೋದ್ಯ ಜಾಸ್ತಿ, ಬೈಗುಳವೂ ಧಾರಾಳ. ರಾಷ್ಟ್ರಭಕ್ತಿಯ ಡಂಬಾಚಾರವನ್ನು ಹುಡುಗಾಟದಲ್ಲೇ ತಿವಿಯುತ್ತಾರೆ. 1996ರ 'ಲೆಸ್ ಟಾಕ್, ಮೋರ್ ರಾಕ್' ಬರುವ ಹೊತ್ತಿಗೆ ನಗು ಕಮ್ಮಿಯಾಗಿ ನಿಲುವು ಗಟ್ಟಿಯಾಯಿತು. ಪ್ರಾಣಿಗಳ ಪರ, ಫ್ಯಾಸಿಸ್ಟರ ವಿರುದ್ಧ, ಹೆಣ್ಣುಮಕ್ಕಳ ಪರ, ಸಲಿಂಗಿಗಳ ಪರ ಅಂತ ಹೊದಿಕೆಯ ಮೇಲೇ ಅಚ್ಚು ಹಾಕಿಸಿದರು. ಬರೀ ಕುಣಿಯೋಕೆ ಬರುವವರಿಗೆ ಇದು ಬಾಗಿಲಲ್ಲೇ ಕೊಟ್ಟ ಎಚ್ಚರಿಕೆ. ಕವಿಯಾಗಿ ಹೇಳುವುದಾದರೆ ಈ ಎರಡರಲ್ಲೂ ಘೋಷಣೆ ಹೆಚ್ಚು, ಕವಿತೆ ಕಮ್ಮಿ. ಬಾಸ್ ನುಡಿಸುತ್ತಿದ್ದ ಜಾನ್ ಕೆ. ಸ್ಯಾಮ್ಸನ್ ಬರೆದ ಒಂದೆರಡು ಹಾಡುಗಳು ಮಾತ್ರ ಬೇರೆ ಹದದವು, ತಗ್ಗಿದ ದನಿಯವು. ಆತ ಆಮೇಲೆ ತಂಡ ಬಿಟ್ಟು 'ದಿ ವೀಕರ್‌ದಾನ್ಸ್' ಕಟ್ಟಿಕೊಂಡ.

ಅವನ ಜಾಗಕ್ಕೆ ಟಾಡ್ ಕೊವಾಲ್ಸ್ಕಿ ಬಂದ ಮೇಲೆ ತಂಡದ ಕಸುವೇ ಬದಲಾಯಿತು. 2001ರ 'ಟುಡೇಸ್ ಎಂಪೈರ್ಸ್, ಟುಮಾರೋಸ್ ಆಶಸ್' ಕೇಳಿ, ಗಿಟಾರ್ ಭಾರವಾಗಿದೆ, ಹುಡುಗರಾಗಿದ್ದಾಗ ಇಷ್ಟಪಟ್ಟಿದ್ದ ಥ್ರ್ಯಾಶ್ ಮೆಟಲ್ ಒಳಕ್ಕೆ ಬಂದಿದೆ. ಇದರಲ್ಲಿ ಗಡಿಯನ್ನೇ ಬೈಯುವ ಟಾಡ್‌ನ ಒಂದು ಹಾಡಿದೆ, ಒಂದೂವರೆ ನಿಮಿಷದಷ್ಟು. ಜೀವ ಉಳಿಸಿಕೊಳ್ಳಲು ಮೆಕ್ಸಿಕೊ ಬಿಟ್ಟು ಅಮೆರಿಕಕ್ಕೆ ಓಡುವ ಹೆಂಗಸಿನ ಕತೆ. ಅದರ ಹೆಸರು ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ, ಬಿಡಿ. ನಮಗೆ ಗಡಿ ಅಂದರೆ ಶಾಲೆಯ ಭಾಷೆ, ಪಹಣಿಯ ಭಾಷೆ, ಬಸ್ಸಿನ ಬೋರ್ಡು. ಬೆಳಿಗ್ಗೆ ಆಂಧ್ರದಲ್ಲಿ ಎದ್ದು ಮಧ್ಯಾಹ್ನ ಕರ್ನಾಟಕದ ಮಂಡಿಯಲ್ಲಿ ವ್ಯಾಪಾರ ಮುಗಿಸಿ ಬರುತ್ತೇವೆ, ಯಾರೂ ತಡೆಯಲ್ಲ. ಅಲ್ಲಿ ಗಡಿ ಅಂದರೆ ಬೇಲಿ, ಬಂದೂಕು. ಒಂದೇ ಪದಕ್ಕೆ ಎಷ್ಟು ತೂಕ ವ್ಯತ್ಯಾಸ ನೋಡಿ.

2005ರ 'ಪೊಟೆಮ್ಕಿನ್ ಸಿಟಿ ಲಿಮಿಟ್ಸ್'ನಲ್ಲಿ 'ಎ ಸ್ಪೆಕ್ಯುಲೇಟಿವ್ ಫಿಕ್ಷನ್' ಎಂಬ ಹಾಡು ಕೆನಡಾಕ್ಕೂ ಅಮೆರಿಕಕ್ಕೂ ಯುದ್ಧವಾದರೆ ಏನಾಗಬಹುದು ಅಂತ ಕಲ್ಪಿಸುತ್ತದೆ. 2006ರಲ್ಲಿ ಅದಕ್ಕೆ ಕೆನಡಾದ ಗೀತರಚನೆ ಬಹುಮಾನ ಸಿಕ್ಕಿತು.

ನನ್ನ ಲೆಕ್ಕದಲ್ಲಿ ಅವರ ಬೆಳೆ ತೆನೆಗಟ್ಟಿದ್ದು 2009ರ 'ಸಪೋರ್ಟಿಂಗ್ ಕ್ಯಾಸ್ಟ್'ನಲ್ಲಿ. ಕ್ಯಾಸ್ಟ್ ಅಂದರೆ ನಾಟಕದ ಪಾತ್ರವರ್ಗವೂ ಹೌದು, ಅವರು ಬರೆದ ಅಕ್ಷರದಲ್ಲಿ ಜಾತಿಯೂ ಹೌದು. ಅಷ್ಟರಲ್ಲಿ ಡೇವಿಡ್ ಗಿಯಾ ಎರಡನೇ ಗಿಟಾರ್ ಹಿಡಿದು ಸೇರಿದ್ದ, ಸಂಗೀತ ತುಂಬಿಕೊಂಡಿತ್ತು. ಅದರಲ್ಲಿರುವ 'ಡಿಯರ್ ಕೋಚಸ್ ಕಾರ್ನರ್' ಒಂದು ಪತ್ರ. ಟಿವಿಯಲ್ಲಿ ಹಾಕಿ ಆಟದ ಕಾರ್ಯಕ್ರಮ ನಡೆಸುತ್ತಿದ್ದ ರಾನ್ ಮೆಕ್ಲೀನ್ ಅವರಿಗೆ ಬರೆದದ್ದು. ಆಟಕ್ಕೆ ಮುಂಚೆ ಸೈನ್ಯದ ಮೆರವಣಿಗೆ ಯಾಕೆ, ಎಲ್ಲರೂ ಯಾಕೆ ಎದ್ದು ನಿಲ್ಲಬೇಕು, ನನ್ನ ಹುಡುಗಿಗೆ ಇದನ್ನು ಹೇಗೆ ವಿವರಿಸಲಿ ಅಂತ ಕೇಳುತ್ತಾನೆ. ಆ ಹುಡುಗಿ 'ನೀಸ್' ಅಂತೆ. ಅಣ್ಣನ ಮಗಳೋ ಅಕ್ಕನ ಮಗಳೋ, ಇಂಗ್ಲಿಷಿಗೆ ಎರಡೂ ಒಂದೇ! ತೆಲುಗಿಗೆ ತರೋಣ ಅಂತ ಕೂತವನಿಗೆ ಅಲ್ಲೇ ತೊಡಕು. ಆದರೆ ಗಮನಿಸಬೇಕಾದ್ದು ಇದು: ಮೊದಲು ಝಂಡಾ ನೋಡಿ ಬೈಯುತ್ತಿದ್ದವನು ಈಗ ಮರ್ಯಾದೆಯಿಂದ ಕಾಗದ ಬರೆಯುತ್ತಿದ್ದಾನೆ. ಅಳುಕು ಬಿಟ್ಟಿಲ್ಲ, ಆಟದ ಮೇಲಿನ ಪ್ರೀತಿಯನ್ನೂ ಬಿಟ್ಟಿಲ್ಲ. ಬೈಗುಳಕ್ಕಿಂತ ಇದು ಹೆಚ್ಚು ನಾಟುತ್ತದೆ.

ಒಂದು ವಿಷಯದಲ್ಲಿ ನನಗೂ ಅವರಿಗೂ ಕೂಡಿಬರುವುದಿಲ್ಲ. ಅವರು ಮಾಂಸ ಮಾತ್ರವಲ್ಲ, ಹಾಲು ಮೊಸರು ಸಹ ಬಿಟ್ಟವರು, ಅದನ್ನೇ ಹಾಡಾಗಿಯೂ ಹಾಡುತ್ತಾರೆ. ಇಪ್ಪತ್ತು ಕುರಿ ಸಾಕಿ ಮಕ್ಕಳನ್ನು ಓದಿಸಿದ ಮನೆಗಳು ನಮ್ಮಲ್ಲಿ ಊರಿಗೆ ಹತ್ತಿವೆ. ಮಳೆ ಕೈಕೊಟ್ಟ ವರ್ಷ ಶೇಂಗಾ ಸಾಲ ತೀರಿಸುವುದು ಆ ಕುರಿಯೇ. ಅವರ ದೇಶದ ಕಾರ್ಖಾನೆ ಲೆಕ್ಕವನ್ನು ನಮ್ಮ ದೊಡ್ಡಿಗೆ ತಂದರೆ ಒಪ್ಪಲಾರೆ. ಆದರೆ ಸಂತೆ ದಿನ ಲಾರಿಗೆ ಕುರಿ ತುಂಬುವುದನ್ನು ನೋಡಿದವರು ಆ ಹಾಡನ್ನು ಸುಳ್ಳು ಅನ್ನುವ ಹಾಗೂ ಇಲ್ಲ.

2012ರ 'ಫೇಲ್ಡ್ ಸ್ಟೇಟ್ಸ್' ದಾಟಿ 2017ರ 'ವಿಕ್ಟರಿ ಲ್ಯಾಪ್'ಗೆ ಬಂದರೆ ಹಾನಾ ಅಪ್ಪನಾಗಿದ್ದಾನೆ. ಕೊನೆಯ ಹಾಡು ಬೋನಿನೊಳಗಿನ ಪ್ರಾಣಿಯಂತೆ ಬದುಕುವ ತಂದೆ ತನ್ನ ಗಂಡುಮಕ್ಕಳಿಗೆ ಹೇಳುವ ಮಾತು. ಇನ್ನೊಂದು ಹಾಡು 1963ರಲ್ಲಿ ಸೈಗಾನ್‌ನಲ್ಲಿ ಬೆಂಕಿ ಹಚ್ಚಿಕೊಂಡ ಬೌದ್ಧ ಭಿಕ್ಷುವಿನ ಫೋಟೊ ಕುರಿತದ್ದು. ಭಿಕ್ಷುವನ್ನು ಲೋಕವೆಲ್ಲ ನೋಡಿದೆ. ಹಾಡು ನೋಡುವುದು ಚೌಕಟ್ಟಿನಿಂದಾಚೆ ಉಳಿದ ಪೊಲೀಸನನ್ನು. ಕೇಳುತ್ತಾ ಹೋದರೆ, ನಾನು ಆ ಇಬ್ಬರಲ್ಲಿ ಯಾರು ಅಂತ ಎದೆ ಚುರುಕ್ ಅನ್ನುತ್ತದೆ. ಇಪ್ಪತ್ತರ ಹರೆಯದ ಹಾಡುಗಾರನಿಗೆ ಇದು ಹೊಳೆಯುತ್ತಿರಲಿಲ್ಲ.

ಆಮೇಲೆ ಎಂಟು ವರ್ಷ ಹೊಸ ಆಲ್ಬಮ್ ಇಲ್ಲ. 2025ರ ಮೇ ತಿಂಗಳಲ್ಲಿ 'ಅಟ್ ಪೀಸ್' ಬಂತು. ಹೆಸರು 'ಶಾಂತಿಯಿಂದ' ಅಂತ. ಕೆಲವರಿಗೆ ಸಪ್ಪೆ ಅನ್ನಿಸಬಹುದು, ಯಾಕಂದರೆ ಓಟ ನಿಂತು ನಡಿಗೆ ಬಂದಿದೆ. ನನಗೆ ಹಾಗನ್ನಿಸಲಿಲ್ಲ. 'ನೋ ಲಾಂಗರ್ ಯಂಗ್' ಅಂತಲೇ ಒಂದು ಹಾಡಿದೆ, ಇನ್ನು ಹರೆಯದವರಲ್ಲ ಎಂದು. ತಾಳ ನಿಧಾನವಾದದ್ದಕ್ಕೆ ಒಂದೊಂದು ಪದವೂ ಬಿಡಿಸಿ ಕೇಳುತ್ತದೆ. ಅಕ್ಕನ ಮಗನ ಸಹಾಯವಿಲ್ಲದೆ ನನಗೆ ಅರ್ಧಕ್ಕರ್ಧ ಅರ್ಥವಾದ ಅವರ ಮೊದಲ ಆಲ್ಬಮ್ ಇದೇ.