ಮಿರಜದ ಹುಣಸೆಯ ನೆರಳಿನಲ್ಲಿ

ದೂಧಗಂಗೆಯ ಬಯಲಿನ ನಮ್ಮ ಬೇಡಕಿಹಾಳದ ಸೀಮೆಯವರಿಗೆ ಮಿರಜವೆಂದರೆ ಮೊದಲು ನೆನಪಾಗುವುದು ದವಾಖಾನೆ. ಆಮೇಲೆ ರೈಲು ಜಂಕ್ಷನ್. ಸಂಗೀತದ ರುಚಿ ಹತ್ತಿದವರಿಗೆ ಮಾತ್ರ ಮೂರನೆಯದೊಂದು ನೆನಪುಂಟು: ಖ್ವಾಜಾ ಶಮನಾ ಮೀರಾ ಸಾಹೇಬರ ದರ್ಗಾದ ಅಂಗಳದಲ್ಲಿ, ಹುಣಸೆಯ ಮರದಡಿ, ವರ್ಷವರ್ಷವೂ ಉರುಸಿನ ಸಂದರ್ಭದಲ್ಲಿ ಕೂಡುವ ಸಂಗೀತಸಭೆ.

ಈ ಸಭೆ ಉಸ್ತಾದ್ ಅಬ್ದುಲ್ ಕರೀಂ ಖಾನರ ಸ್ಮರಣೆಗಾಗಿ ನಡೆಯುವಂಥದು. ಉತ್ತರದ ಕಿರಾನಾದಲ್ಲಿ ಹುಟ್ಟಿದ ಖಾನ್‌ಸಾಹೇಬರು ಮಿರಜವನ್ನು ಮನೆಯಾಗಿಸಿಕೊಂಡರು; ಈ ದರ್ಗಾದ ಮುಂದೆ ಹಾಡುವುದನ್ನು ಸೇವೆಯೆಂದು ಬಗೆದರು. 1937ರ ಅಕ್ಟೋಬರ್ 27ರಂದು, ಮದರಾಸಿನಿಂದ ಪಾಂಡಿಚೇರಿಗೆ ಹೋಗುವಾಗ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಅವರು ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ಈ ದರ್ಗಾದ ಆವರಣದಲ್ಲಿಯೇ.

ಕನ್ನಡಿಗರಿಗೂ ಈ ಅಂಗಳಕ್ಕೂ ಏನು ನಂಟು ಎಂದು ಕೇಳಬಹುದು. ಖಾನ್‌ಸಾಹೇಬರ ವಿದ್ಯೆ ಕುಂದಗೋಳದ ಸವಾಯಿ ಗಂಧರ್ವರಿಗೆ ದಕ್ಕಿತು. ಅವರಿಂದ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಹರಿಯಿತು. ಮಲ್ಲಿಕಾರ್ಜುನ ಮನ್ಸೂರರು ಗ್ವಾಲಿಯರ್ ಗಾಯಕಿಯನ್ನು ಕಲಿತದ್ದು ಮಿರಜದ ನೀಲಕಂಠಬುವಾ ಅವರಲ್ಲಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಊರುಗಳು ಒಂದು ಕಡೆಗಾದವು, ಮಿರಜ ಇನ್ನೊಂದು ಕಡೆಗಾಯಿತು. ಗುರುಶಿಷ್ಯರ ದಾರಿಯಾದರೋ ಅದಕ್ಕೂ ಮೊದಲೇ ಸವೆದು ಗಟ್ಟಿಯಾಗಿತ್ತು.

ಗಾಯಕರ ಹಿಂದೆ ಮಿಡಿಯುವ ತಂಬೂರಿಯೂ ಈ ಊರಿನದೇ. ಹತ್ತೊಂಬತ್ತನೆಯ ಶತಮಾನದ ನಡುವೆ, ಆಯುಧಗಳಿಗೆ ಬೇಡಿಕೆ ತಗ್ಗಿದಾಗ, ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದ್‌ಸಾಹೇಬರಂಥವರು ತಂತಿವಾದ್ಯಗಳ ಕಡೆ ತಿರುಗಿದರು. ಒಣಗಿದ ದೊಡ್ಡ ಬುರುಡೆಯೇ ತಂಬೂರಿಯ ಒಡಲು. ಆದರೆ ಕುಶಲತೆಯ ಪರೀಕ್ಷೆ ನಡೆಯುವುದು ತಂತಿ ಹಾಯುವ ಕುದುರೆಯ ಮೇಲೆ. ಅದರ ಮೈ ಸಮತಟ್ಟಲ್ಲ, ಕಂಡೂ ಕಾಣದಷ್ಟು ಬಾಗಿರುತ್ತದೆ. ಕಂಪಿಸುವ ತಂತಿ ಆ ಬಾಗನ್ನು ತಾಕಿ ತಾಕಿ ಬಿಡುವುದರಿಂದ ಮೂಲಸ್ವರದೊಡನೆ ಅದರ ಅನುಸ್ವರಗಳೂ ಮೊಳಗುತ್ತವೆ. ಇದೇ ಜವಾರಿ. ತಂತಿಯ ಕೆಳಗೆ ಸಿಕ್ಕಿಸುವ ಎಳೆಗೆ ಜೀವಾಳವೆಂದೇ ಹೆಸರು. ಅದು ಕೂದಲೆಳೆಯಷ್ಟು ಸರಿದರೂ ನಾದ ಮಂಕಾಗುತ್ತದೆ. ಒಮ್ಮೆ ಮುದುಕ ಕಾರಿಗನೊಬ್ಬ ಅರ ಹಿಡಿದು ಕುದುರೆಯನ್ನು ಉಜ್ಜುತ್ತ, ಕಣ್ಣು ಮುಚ್ಚಿ ಕಿವಿಯಿಂದಲೇ ಅಳತೆ ನೋಡುತ್ತಿದ್ದುದನ್ನು ಕಂಡಿದ್ದೇನೆ. ಅಂಥ ಅಳತೆ ಪುಸ್ತಕದಿಂದ ಬರುವುದಿಲ್ಲ.

2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಸಂತೋಷದ ಸಂಗತಿಯೇ. ಆದರೆ ಮನ್ನಣೆ ಕಾಯುವುದು ಹೆಸರನ್ನು. ಕೈಯನ್ನು ಕಾಯಬೇಕಾದವರು ನಾವು. ಗುಂಡಿ ಒತ್ತಿದರೆ ಶ್ರುತಿ ಹಿಡಿಯುವ ಪೆಟ್ಟಿಗೆ ಮನೆಮನೆಗೆ ಬಂದಿರುವಾಗ, ವರ್ಷಗಟ್ಟಲೆ ಕುಳಿತು ಜವಾರಿ ಕಲಿಯಲು ಯಾವ ಹುಡುಗ ಮುಂದೆ ಬಂದಾನು?

ಉತ್ಸವವೆಂದರೆ ಆಗಿಹೋದವರನ್ನು ಹೊಗಳುವುದಷ್ಟೇ ಅಲ್ಲ. ಹುಣಸೆಯ ನೆರಳಿನಲ್ಲಿ ಗಾಯಕನಿಗೆ ಹಾರ ಹಾಕುವ ದಿನ, ಅವನ ಹಿಂದಿನ ತಂಬೂರಿ ಯಾರ ಕೈಯದೆಂದು ಒಬ್ಬರಾದರೂ ಕೇಳಲಿ. ಆ ಹೆಸರೂ ಸಭೆಯಲ್ಲಿ ಕೇಳಿಬಂದರೆ ಖಾನ್‌ಸಾಹೇಬರ ಸ್ಮರಣೆ ಪೂರ್ಣವಾದೀತು.