ಒಣಗಿದ ಹುಲ್ಲು ಮತ್ತೆ ಚಿಗುರುವುದು ಹೇಗೆ?

ಮಕ್ಕಳೇ, ನಿಮ್ಮ ಶಾಲೆಯ ಕೈತೋಟದಲ್ಲಿ ಮಜ್ಜಿಗೆ ಹುಲ್ಲು ಇದೆಯೇ? ಎಲೆಯನ್ನು ಉಜ್ಜಿದರೆ ನಿಂಬೆಯ ವಾಸನೆ ಬರುವುದರಿಂದ ಇದನ್ನು ನಿಂಬೆ ಹುಲ್ಲು ಎಂದೂ ಕರೆಯುತ್ತಾರೆ. ಬೇಸಿಗೆಯಲ್ಲಿ ನೀರು ಸಾಲದೆ ಇದರ ಎಲೆಗಳು ಒಣಗುತ್ತವೆ. ಸತ್ತಿತೆಂದು ಕಿತ್ತೆಸೆಯಬೇಡಿ, ಬೆಂಕಿ ಹಚ್ಚಬೇಡಿ. ಬುಡದ ಒಂದು ತೆಂಡೆಯನ್ನು ಬಿಡಿಸಿ ನೋಡಿ. ಒಳಗೆ ಹಸಿಯಾಗಿದ್ದರೆ ಅದಕ್ಕೆ ಜೀವವಿದೆ.

ದಾಸವಾಳದ ಕೊಂಬೆ ತುದಿಯಲ್ಲಿ ಬೆಳೆಯುತ್ತದೆ. ಹುಲ್ಲಿನ ಎಲೆ ಹಾಗಲ್ಲ. ಅದು ತನ್ನ ಬುಡದಲ್ಲಿ ಬೆಳೆಯುತ್ತಾ ಮೇಲಕ್ಕೆ ಬರುತ್ತದೆ. ಹೊಸ ಎಲೆಗಳು ಹುಟ್ಟುವ ಸುಳಿಯೂ ನೆಲದ ಹತ್ತಿರವೇ ಇರುತ್ತದೆ. ದನ ಮೇಯ್ದ ಹುಲ್ಲು ಮತ್ತೆ ಬೆಳೆಯುವುದು ಇದರಿಂದಲೇ.

ಮುಂಗಾರಿಗೆ ಮೊದಲು ಒಣ ಎಲೆಗಳನ್ನು ಕತ್ತರಿಸಬೇಕು. ಆಗ ಚಿಗುರಿಗೆ ಬಿಸಿಲು, ಗಾಳಿ ಸಿಗುತ್ತವೆ. ಮೊದಲು ಉದ್ದನೆಯ ಕೋಲಿನಿಂದ ತಟ್ಟಿ; ಒಳಗೆ ಹಾವು, ಕಪ್ಪೆ ಇರಬಹುದು. ನೆಲದಿಂದ ಸುಮಾರು 15 ಸೆಂ.ಮೀ. ಬಿಟ್ಟು ಕತ್ತರಿಸಬೇಕು. ತೀರಾ ಕೆಳಗೆ ಕೊಯ್ದರೆ ಸುಳಿಗೆ ಪೆಟ್ಟಾಗಬಹುದು. ಕುಡುಗೋಲಿನ ಕೆಲಸ ಹಿರಿಯರಿಗಿರಲಿ. ಎಲೆಯ ಅಂಚು ಹರಿತ. ಆದ್ದರಿಂದ ಕೈಗೆ ಬಟ್ಟೆ ಸುತ್ತಿಕೊಂಡು ಎಲೆಗಳನ್ನು ಒಟ್ಟುಮಾಡಿ. ಅವನ್ನು ಬೇರೆ ಗಿಡಗಳ ಬುಡಕ್ಕೆ ಹೊದಿಸಿ, ಮಣ್ಣಿನ ತೇವ ಉಳಿಯುತ್ತದೆ.

ಮಾಡಿ ನೋಡಿ: ಹೊಸದಾಗಿ ಚಿಗುರಿದ ಎಳೆಯ ಎಲೆಯೊಂದರ ತುದಿಯನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿ. ನೆಲದಿಂದ ಆ ತುದಿಯವರೆಗಿನ ಎತ್ತರವನ್ನು ಒಂದು ವಾರ ದಿನವೂ ಅಳೆದು ಬರೆದಿಡಿ. ಎತ್ತರ ಹೆಚ್ಚುತ್ತದೆ, ಆದರೆ ತುದಿ ಮೊಂಡಾಗಿಯೇ ಉಳಿಯುತ್ತದೆ. ಹಾಗಾದರೆ ಎಲೆ ಬೆಳೆದದ್ದು ಎಲ್ಲಿ? ಗೆಳೆಯರಿಗೆ ವಿವರಿಸಿ.